ಇದರ ತೂಕ ಎಷ್ಟಪ್ಪ?

"ಇದರ ತೂಕ ಎಷ್ಟಪ್ಪ?" ಎಂದು ಚರ್ಚಿನಲ್ಲಿ ಬೇಸ್, ಅಂದರೆ ಮಂದ್ರ ಸ್ವರದ ಗಿಟಾರ್, ನುಡಿಸುವ ಹಿರಿಯರಾದ ಅಂಕಲ್ ಕೇಳಿದ್ದು ಕಳೆದ ಭಾನುವಾರ ಮಧ್ಯಾಹ್ನ, ಚರ್ಚಿನಿಂದ ಬಂದು ಇನ್ನೂ ಷರಟು ಬದಲಿಸುವುದಕ್ಕೆ ಮುಂಚೆ. ಅವರ ಬೆರಳು ಇದ್ದದ್ದು ಮಂಚದ ಮೇಲೆ ಮಲಗಿದ್ದ ಅಮೆರಿಕದ ಫೆಂಡರ್ ಕಂಪನಿಯ, 1976ರ ಅವರ ಪ್ರಿಸಿಷನ್ ಬೇಸಿನ ಕಡೆಗಲ್ಲ. ನನ್ನ ಹೆಗಲಿನಿಂದ ಇನ್ನೂ ಇಳಿಯದಿದ್ದ ಚೀಲದ ಕಡೆಗೆ. ಆ ಚೀಲದಲ್ಲಿದ್ದದ್ದು ನಾಲ್ಕು ವರ್ಷದ ಹಿಂದೆ ಕಂತಿನಲ್ಲಿ ಕೊಂಡ, ಇಂಡೋನೇಷ್ಯಾದಲ್ಲಿ ತಯಾರಾದ, ಐದು ತಂತಿಯ ನನ್ನ ಬೇಸ್ ಗಿಟಾರ್. ಮಳೆಯಲ್ಲಿ ನೆನೆದುಕೊಂಡು ಬೆಂಗಳೂರಿನ ಲಿಂಗರಾಜಪುರದವರೆಗೆ ನಾನು ಹೋಗಿದ್ದು ಅವರ ವಾದ್ಯವನ್ನು ನೋಡುವುದಕ್ಕೆ. ಅವರು ಕಾದು ಕುಳಿತಿದ್ದದ್ದು ನನ್ನದನ್ನು ನೋಡುವುದಕ್ಕೆ. ಆ ಪ್ರಶ್ನೆ ಈ ವಾರವೆಲ್ಲ ಕಿವಿಯಲ್ಲೇ ಇದೆ.

ನನ್ನನ್ನು ಅಲ್ಲಿಗೆ ಅಟ್ಟಿದವನು ನನ್ನೊಬ್ಬ ಗೆಳೆಯ. ಹಳೆಯ ಬೇಸ್‌ಗಳ ವಿಷಯದಲ್ಲಿ ಅವನು ಭಕ್ತ. ರಾತ್ರಿ ಹನ್ನೆರಡಕ್ಕೆ ಯಾವುದೋ 1964ರ ವಾದ್ಯದ ತಿರುಪುಗಳ ಚಿತ್ರ ಕಳಿಸಿ "ನೋಡು" ಎಂದಷ್ಟೇ ಬರೆಯುವಷ್ಟು ಭಕ್ತ. ಅವನ ಮನೆಯಲ್ಲಿ ಏಳು ಬೇಸ್‌ಗಳಿವೆ, ಒಂದೂ ಮದುವೆ ಮನೆಯ ವೇದಿಕೆ ಹತ್ತಿಲ್ಲ. ಅವುಗಳಲ್ಲೊಂದು ಹೊಸದೇ ಆದರೂ ಕಾರ್ಖಾನೆಯಲ್ಲೇ ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ ಹಳೆಯದರಂತೆ ಕಾಣಿಸಿದ್ದು. ಅದಕ್ಕೆ ಅವನು ಹೆಚ್ಚಿನ ಬೆಲೆ ತೆತ್ತಿದ್ದಾನೆ. ನಾನು ನಗುತ್ತೇನೆಂದು ಬೇಸರಪಟ್ಟುಕೊಳ್ಳುತ್ತಾನೆ. ಆದರೆ ನಾನೂ ಬಹುಮಟ್ಟಿಗೆ ಅದೇ ಮಠದ ಭಕ್ತನಾಗಿದ್ದವನೇ. ಕಾಣಿಕೆ ಹಾಕುವುದಕ್ಕೆ ನನ್ನಲ್ಲಿ ದುಡ್ಡಿರಲಿಲ್ಲ, ಅಷ್ಟೇ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ನುಡಿಸುವ ನನಗೆ, ಹಳೆಯ ವಾದ್ಯವೊಂದು ಕೈಯಲ್ಲಿದ್ದಿದ್ದರೆ ನನ್ನ ನಾದವೇ ಬೇರೆಯಾಗುತ್ತಿತ್ತು ಎಂಬ ನಂಬಿಕೆ ಹನ್ನೆರಡು ವರ್ಷಗಳಿಂದ ಇತ್ತು.

ಗೆಳೆಯನ ಆದೇಶದಂತೆ ಮೊದಲು ಪರೀಕ್ಷೆ ಮಾಡಿದೆ. ಮುಂಭಾಗದ ಪ್ಲಾಸ್ಟಿಕ್ ಫಲಕದ ತಿರುಪುಗಳನ್ನು ಬಿಚ್ಚಿ ಮಗುಚಿದರೆ, ವಾಲ್ಯೂಮ್ ಪಾಟ್‌ನ, ಅಂದರೆ ಶಬ್ದ ಏರಿಳಿಸುವ ಗುಂಡಿಯ ಕೆಳಗಿನ ಬಿಡಿಭಾಗದ, ಬೆನ್ನಿನ ಮೇಲೆ ಅಂಕಿಗಳಿರುತ್ತವೆ: 137 ಎಂದರೆ ಅದನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಗುರುತು, ಆಮೇಲಿನ ಎರಡಂಕಿ ವರ್ಷ, ಕೊನೆಯ ಎರಡಂಕಿ ಆ ವರ್ಷದ ವಾರ. ಅಲ್ಲಿ 76 ಇತ್ತು, 14 ಇತ್ತು. ವಾದ್ಯ ಅಸಲಿಯೆಂದು ಫೋಟೋ ತೆಗೆದೆ. ಆಮೇಲೆ ನಾಲ್ಕು ತಿರುಪು ಬಿಚ್ಚಿ ನೆಕ್ಕನ್ನು, ಅಂದರೆ ಎಡಗೈ ಓಡುವ ಉದ್ದನೆಯ ಕತ್ತನ್ನು, ದೇಹದಿಂದ ಬೇರ್ಪಡಿಸಿದಾಗ, ನೆಕ್ ಕೂರುವ ಗೂಡಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಒಂದು ಕಾಗದ ಸಿಕ್ಕಿತು. ಬೆಂಗಳೂರಿನ ಹಳೆಯ ಬಿಟಿಎಸ್ ಸಿಟಿ ಬಸ್ಸಿನ ಟಿಕೆಟ್. ಅಕ್ಷರ ಬಹುತೇಕ ಅಳಿಸಿಹೋಗಿ, ಒತ್ತಡಕ್ಕೆ ಗಾಜಿನಂತೆ ನುಣುಪಾಗಿತ್ತು. ತಂತಿ ಫ್ರೆಟ್ಟಿನಿಂದ, ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಮೆಟ್ಟಿಲಿನಿಂದ, ತೀರ ಎತ್ತರದಲ್ಲಿದ್ದಾಗ ನೆಕ್ಕನ್ನು ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಲು ಹೀಗೆ ಏನನ್ನಾದರೂ ತುರುಕುವುದುಂಟು. "ಎಂಬತ್ತೊಂದರಲ್ಲೋ ಎರಡರಲ್ಲೋ ನಾನೇ ಹಾಕಿದ್ದು, ಹಾಗೇ ಇಡು," ಎಂದರು ಅಂಕಲ್, ಕಂಟೋನ್ಮೆಂಟಿನ ತಮಿಳು, ಇಂಗ್ಲಿಷ್ ಎಲ್ಲ ಬೆರೆತ ತಮ್ಮ ಕನ್ನಡದಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಬಹರೈನಿನ ಹೋಟೆಲೊಂದರ ಬ್ಯಾಂಡಿನಲ್ಲಿದ್ದಾಗ ಕೊಂಡ ವಾದ್ಯ ಅದು. ನಾನು ಆ ಟಿಕೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬೆರಗಾಗಿ ಕುಳಿತಿದ್ದರೆ, ಅವರು ನನ್ನ ಚೀಲದ ಜಿಪ್ಪನ್ನು ಆಗಲೇ ಎಳೆದಿದ್ದರು.

ವಾದ್ಯವನ್ನು ಮತ್ತೆ ಜೋಡಿಸಿ ಅವರ ಪುಟ್ಟ ಆಂಪ್‌ಗೆ ಸಿಕ್ಕಿಸಿ ನುಡಿಸಿದೆ. ಹಲಸಿನ ಹಣ್ಣು ಹಸಿ ನೆಲದ ಮೇಲೆ ಬಿದ್ದಂತೆ ದಪ್ಪಗೆ, ಮೆತ್ತಗೆ, ಬಾಲವಿಲ್ಲದೆ ಕೇಳಿಸಿತು ಸ್ವರ. ಇಷ್ಟು ವರ್ಷ ಧ್ವನಿಮುದ್ರಿಕೆಗಳಲ್ಲಿ ಕೇಳಿ ಆಸೆಪಟ್ಟ ನಾದ ಇದೇ ಎಂದುಕೊಂಡು, "ಹೊಸ ಬೇಸಲ್ಲಿ ಈ ಸೌಂಡ್ ಎಲ್ಲಿ ಬರುತ್ತೆ ಅಂಕಲ್," ಎಂದೆ. ಅವರು ತಲೆಯೆತ್ತಲಿಲ್ಲ.

"ಅದು ಬೇಸ್ ಸೌಂಡಲ್ಲಪ್ಪ. ತಂತಿ ಸತ್ತೋಗಿರೋ ಸೌಂಡು."

ಹನ್ನೆರಡು ವರ್ಷದ ಹಿಂದೆ ಹಾಕಿದ, ಮೈ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿಗಳಂತೆ ಅವು. ಹೊಸ ಸೆಟ್ಟನ್ನು ಮಗಳು ತಂದುಕೊಟ್ಟು ವರ್ಷವಾಗಿತ್ತು. ಹೆಬ್ಬೆರಳಿನ ಸಂದು ನೋವಿನಿಂದ ಬಿರಡೆ ತಿರುಗಿಸಲಾಗದೆ ಡಬ್ಬಿಯಲ್ಲೇ ಉಳಿದಿತ್ತು. "ಹೇಗೂ ಬಂದಿದ್ದೀಯಲ್ಲ, ಹಾಕಿಕೊಡು," ಎಂದರು. ನನ್ನ ಕೈ ಹಿಂಜರಿಯಿತು. ಡೆಟ್ರಾಯಿಟಿನ ಮೋಟೌನ್ ಸಂಗೀತ ಕಂಪನಿಯ ಸ್ಟುಡಿಯೊದಲ್ಲಿ ಒಂದೇ ತೋರುಬೆರಳಿನಿಂದ ಅಷ್ಟೊಂದು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್, ತುಂಡಾಗುವ ತನಕ ತಂತಿ ಬದಲಿಸುತ್ತಲೇ ಇರಲಿಲ್ಲವೆಂಬುದು ಬೇಸ್ ವಾದಕರ ಪುರಾಣದ ಮೊದಲ ಅಧ್ಯಾಯ. ಆದರೂ ಮನೆಯ ಹಿರಿಯರು ಹೇಳಿದ ಮೇಲೆ ಮಾಡಲೇಬೇಕಲ್ಲ. ಕತ್ತರಿಸಿ ತೆಗೆದ ಹಳೆಯ ತಂತಿಗಳು ಎಣ್ಣೆಗಪ್ಪಾಗಿ, ಬೆರಳಿಗೆ ಜಿಡ್ಡು ಹತ್ತಿಸುತ್ತ ಸುರುಳಿಯಾಗಿ ನೆಲದ ಮೇಲೆ ಬಿದ್ದವು. ಹೊಸ ತಂತಿ ಬಿಗಿದು ಶ್ರುತಿ ಮಾಡಿ ನುಡಿಸಿದಾಗ, ಮಂಚದ ಮೇಲಿದ್ದ ದೇವರು ಅಂಗಡಿಯ ಸಾಮಾನಾಗಿಬಿಟ್ಟ. ಚೆನ್ನಾಗಿಯೇ ಇತ್ತು, ಒಳ್ಳೆಯ, ಗಟ್ಟಿಯಾದ, ಸ್ವಲ್ಪ ಖಣಖಣವೆನ್ನುವ ನಾದ. ಆದರೆ ಸ್ವಲ್ಪ ಹೊತ್ತಿನ ಹಿಂದೆ ನಾನು ಬೆರಗಾಗಿದ್ದು ಯಾವುದಕ್ಕೋ ಅದು ಕತ್ತರಿಸಿದ ಸುರುಳಿಗಳ ಜೊತೆ ನೆಲದ ಮೇಲಿತ್ತು. ಇನ್ನೂ ಕೆಟ್ಟದ್ದೆಂದರೆ, ತೆಳ್ಳಗಿನ ಜಿ ತಂತಿಯ ಐದು, ಆರನೆಯ ಫ್ರೆಟ್ಟುಗಳ ಹತ್ತಿರ ಸ್ವರ ಹುಟ್ಟಿದ ಕೂಡಲೇ ಸಾಯುತ್ತಿತ್ತು. ಇದು ಯಾವ ಕಂಪನಿಯ ತಪ್ಪೂ ಅಲ್ಲ; ಉದ್ದನೆಯ ಮರದ ನೆಕ್ಕಿಗೆ ತನ್ನದೇ ಆದ ಕಂಪನವೊಂದಿರುತ್ತದೆ, ತಂತಿಯ ಸ್ವರ ಅದಕ್ಕೆ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನು ನೆಕ್ಕೇ ಕುಡಿದುಬಿಡುತ್ತದೆ. ಹೊಸ ವಾದ್ಯಗಳ ನೆಕ್ಕಿನೊಳಗೆ ಗ್ರಾಫೈಟ್ ಪಟ್ಟಿ ಕೂರಿಸುವವರು ಈ ಉಪದ್ರವವನ್ನೂ ಕಡಿಮೆ ಮಾಡಲು ನೋಡುತ್ತಾರೆ. ಅಂಕಲ್‌ಗೆ ಇದೇನೂ ಸುದ್ದಿಯಲ್ಲ. "ಅಲ್ಲಿಗೆ ನಾನು ಹೋಗೋದೇ ಇಲ್ಲ," ಎಂದರು, ಗುಂಡಿ ಬಿದ್ದ ಅಡ್ಡರಸ್ತೆಯ ಬಗ್ಗೆ ಹೇಳುವ ಹಾಗೆ. ಆ ಸ್ವರ ಬೇಕಾದಾಗ ಪಕ್ಕದ ಡಿ ತಂತಿಯ ಮೇಲೆ ಮೇಲುಗಡೆ ಹಿಡಿಯುತ್ತಾರಂತೆ.

ಆಮೇಲೆ ಅವರು ನನ್ನದನ್ನು ಎತ್ತಿಕೊಂಡರು. ಮಗಳು ಬಿಟ್ಟುಹೋಗಿದ್ದ, ವಿಮಾನದ ಲಗೇಜ್ ತೂಗುವ ಕೈತಕ್ಕಡಿಗೆ ಎರಡನ್ನೂ ಒಂದೊಂದಾಗಿ ನನ್ನ ಕೈಯಿಂದಲೇ ತೂಗು ಹಾಕಿಸಿದರು: ಅವರದು 4.8 ಕೆಜಿ, ನನ್ನದು 3.7. ಎರಡು ಸಲ ತೂಗಿಸಿದರು. ಸ್ಟ್ರಾಪನ್ನು ಮೇಲಕ್ಕೆ ಎಳೆದುಕೊಂಡು, ಐದನೆಯ ತಂತಿಯನ್ನು ಇದ್ದೂ ಇಲ್ಲದಂತೆ ಬಿಟ್ಟು, ಅಂಗೈಯ ಅಂಚನ್ನು ತಂತಿಗಳ ಬುಡದ ಬ್ರಿಡ್ಜಿನ ಬಳಿ ಸ್ವಲ್ಪ ಒತ್ತಿ ನಿಧಾನವಾಗಿ ನಾಲ್ಕು ಆವರ್ತ ನುಡಿಸಿದರು. ಅದೇ ಹಲಸಿನ ಹಣ್ಣು. ನಾಲ್ಕು ವರ್ಷದಲ್ಲಿ ನನ್ನ ಕೈಯಲ್ಲಿ ಒಮ್ಮೆಯೂ ಬೀಳದ್ದು, ನನ್ನ ವಾದ್ಯದಿಂದಲೇ, ನನ್ನ ಎದುರಿಗೇ ಬಿತ್ತು.

ಮನೆಗೆ ಬಂದ ಮೇಲೆ ಮೊದಲು ಹೊಳೆದದ್ದು ಒಂದು ಕೂಡಿಕೆ ಕಳೆಯುವಿಕೆಯ ಲೆಕ್ಕ. ಇಷ್ಟು ವರ್ಷ ಹೊಳೆಯದಿದ್ದದ್ದಕ್ಕೆ ನಾಚಿಕೆಯಾಯಿತು. ಜೇಮರ್‌ಸನ್ ಅವರ ಪ್ರಿಸಿಷನ್ ಬೇಸ್ 1962ರದು, ನಾವು ಪೂಜಿಸುವ ಮುದ್ರಿಕೆಗಳು ಅರವತ್ತರ ದಶಕದ ನಡುವಿನವು. ಅಂದರೆ ಆ ವಾದ್ಯಕ್ಕಿದ್ದ ವಯಸ್ಸು ಇಂದು ನನ್ನ ವಾದ್ಯಕ್ಕಿರುವಷ್ಟೇ. 1983ರಲ್ಲಿ ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಅದು ಕಳುವಾಯಿತು; ಹಳೆಯದೆನಿಸಿಕೊಳ್ಳುವ ಹೊತ್ತಿಗೆ ಅದು ಅವರ ಕೈಯಲ್ಲೇ ಇರಲಿಲ್ಲ. ಇನ್ನೊಬ್ಬ ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜ್ಯಾಝ್ ಬೇಸಿನ (ಇದೂ ಫೆಂಡರ್‌ನದೇ ಇನ್ನೊಂದು ಮಾದರಿ) ಫ್ರೆಟ್ಟುಗಳನ್ನೇ ಕಿತ್ತು, ದೋಣಿಗೆ ಬಳಿಯುವ ಎಪಾಕ್ಸಿಯನ್ನು ಅದರ ಮೇಲೆ ಬಳಿದರಂತೆ. ಇಂದು ಯಾರಾದರೂ ಹಾಗೆ ಮಾಡಿದರೆ ನನ್ನ ಗೆಳೆಯ ಪೊಲೀಸರಿಗೆ ದೂರು ಕೊಟ್ಟಾನು.

ಇನ್ನು ಮೂಲಕ್ಕೇ ಹೋದರೆ, ಈ ವಾದ್ಯ ಯಾವ ಕುಶಲಕರ್ಮಿಯ ತಪಸ್ಸಿನ ಫಲವೂ ಅಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ಇದನ್ನು ಹೊರತಂದ ಲಿಯೊ ಫೆಂಡರ್ ರೇಡಿಯೊ ರಿಪೇರಿ ಅಂಗಡಿ ನಡೆಸಿದವರು, ಗಿಟಾರ್ ನುಡಿಸಲು ಬಾರದವರು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ತಪ್ಪಬೇಕು, ಡ್ರಮ್ಮಿನ ಪಕ್ಕದಲ್ಲೂ ಅದು ಕೇಳಬೇಕು, ಫ್ರೆಟ್ ಇರುವುದರಿಂದ ಸ್ವರ ತಪ್ಪಬಾರದು: ಇಷ್ಟೇ ಉದ್ದೇಶ. ಕೆಟ್ಟರೆ ನೆಕ್ಕನ್ನೇ ಬಿಚ್ಚಿ ಇನ್ನೊಂದು ಹಾಕಲೆಂದು ಅಂಟಿನ ಬದಲು ತಿರುಪು ಬಳಸಿದರು. ಅಂದರೆ ಬೇಸ್ ಗಿಟಾರ್ ಹುಟ್ಟಿದ್ದೇ "ಇದರ ತೂಕ ಎಷ್ಟಪ್ಪ" ಎಂಬ ಪ್ರಶ್ನೆಗೆ ಉತ್ತರವಾಗಿ. 1965ರಲ್ಲಿ ಅವರು ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದ ಮೇಲೆ ಬಂದದ್ದೆಲ್ಲ ಕಳಪೆ ಎಂಬ ಮಾತು ವಾದಕರಲ್ಲಿ ದಶಕಗಳ ಕಾಲ ಇತ್ತು. ನಾನು ಕಲಿಯುವಾಗ ಎಪ್ಪತ್ತರ ದಶಕದ ವಾದ್ಯವೆಂದರೆ ಮೂಗು ಮುರಿಯುತ್ತಿದ್ದವರೇ ಈಗ ಅದಕ್ಕೂ ವಿಂಟೇಜ್ ಎಂಬ ಹಣೆಪಟ್ಟಿ ಹಚ್ಚಿದ್ದಾರೆ. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಜ್ಯಾಝ್ ಬೇಸ್ 1977ರದು. ಅದರೊಳಗೆ ನ್ಯೂಯಾರ್ಕಿನ ವಾದ್ಯ ತಯಾರಕ ರೋಜರ್ ಸಡಾವ್‌ಸ್ಕಿ ಆಮೇಲೆ ಕೂರಿಸಿದ ಪ್ರೀಆಂಪ್, ಅಂದರೆ ನಾದವನ್ನು ವಾದ್ಯದೊಳಗೇ ಬಲಪಡಿಸುವ ಸರ್ಕ್ಯೂಟ್, ಇದೆ. ಆ ನಾದ ಹಳೆಯದೋ ಹೊಸದೋ, ಹೇಳುವವರು ಹೇಳಲಿ.

ಪಿಟೀಲಿನವರು ಇದನ್ನು ಪರೀಕ್ಷೆಗೇ ಇಟ್ಟಿದ್ದಾರೆ. ಧ್ವನಿವಿಜ್ಞಾನಿ ಕ್ಲೌಡಿಯಾ ಫ್ರಿಟ್ಸ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ 2010ರಲ್ಲಿ ಇಂಡಿಯಾನಾಪೊಲಿಸ್‌ನ ಹೋಟೆಲ್ ಕೋಣೆಯೊಂದರಲ್ಲಿ 21 ವಾದಕರಿಗೆ ಕಪ್ಪು ಕನ್ನಡಕ ತೊಡಿಸಿ, ಹಳೆಯ ಮರದ ವಾಸನೆ ಗುಟ್ಟು ಬಿಡಬಾರದೆಂದು ವಾದ್ಯಗಳಿಗೆ ಅತ್ತರನ್ನೂ ಸವರಿ, ಮೂರು ಹಳೆಯ ಇಟಾಲಿಯನ್ ಪಿಟೀಲು ಮತ್ತು ಮೂರು ಹೊಸವನ್ನು ನುಡಿಸಲು ಕೊಟ್ಟರು. ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸತೊಂದು, ಅತಿ ಕಡಿಮೆ ಪಡೆದದ್ದು ಹಳೆಯವುಗಳಲ್ಲೊಂದಾದ, ಜಗತ್ತೇ ಪೂಜಿಸುವ ಸ್ಟ್ರಾಡಿವೇರಿಯಸ್. ಈ ಸಂಗತಿಯನ್ನು ಗೆಳೆಯನಿಗೆ ಮುಂಚೆಯೂ ಹೇಳಿದ್ದೆ. "ಪಿಟೀಲು ಬೇರೆ, ಬೇಸ್ ಬೇರೆ," ಎಂದಿದ್ದ. ಬೇರೆಯೇ ಸರಿ: ಪಿಟೀಲಿನಲ್ಲಿ ಹಾಡುವುದು ಮರವೇ, ಬೇಸಿನಲ್ಲಿ ಕಾಂತದ ಮುಂದೆ ತಂತಿ ಅಲುಗಾಡಿದ್ದು ವಿದ್ಯುತ್ತಾಗಿ ಹೊರಬರುತ್ತದೆ. ಮರ ಹಳತಾಗುವುದರಿಂದ ಸಿಗುವ ಲಾಭ ಇಲ್ಲಿ ಇನ್ನೂ ಕಡಿಮೆಯೇ ಇರಬೇಕಲ್ಲ.

ಹಾಗೆಂದು ಹಳೆಯದರಲ್ಲಿ ಏನೂ ಇಲ್ಲವೆಂದರೆ ಸುಳ್ಳಾಗುತ್ತದೆ. ಅಂಕಲ್ ಅವರ ಬೇಸಿನ ನೆಕ್ಕಿನ ಅಂಚು, ನಲವತ್ತಕ್ಕೂ ಹೆಚ್ಚು ವರ್ಷ ಒಂದೇ ಅಂಗೈ ಉಜ್ಜಿ, ಹೊಳೆಯ ಕಲ್ಲಿನಂತಾಗಿದೆ; ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಬೆರಳು ಓಡುವ ಪಟ್ಟಿ ರೋಸ್‌ವುಡ್, ನಮ್ಮ ಬೀಟೆ. ಫೆಂಡರ್‌ನವರು ಮೊದಲು ಬಳಸುತ್ತಿದ್ದದ್ದು ಬ್ರೆಜಿಲ್ಲಿನ ಮರವನ್ನು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಭಾರತದ ಬೀಟೆಗೆ ಬಂದಿದ್ದರು. ಮಲೆನಾಡಿನಲ್ಲೋ ವಯನಾಡಿನಲ್ಲೋ ನೂರಾರು ಮಳೆಗಾಲ ಕಂಡ ಮರ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಬಹರೈನಿನಲ್ಲಿ ಮಾರಾಟವಾಗಿ, ಲಿಂಗರಾಜಪುರದ ಮಂಚಕ್ಕೆ ವಾಪಸು ಬಂದಿದೆ ಎಂದುಕೊಂಡರೆ ನನಗೆ ರೋಮಾಂಚನವಾಗುತ್ತದೆ. ಆದರೆ ಆ ರೋಮಾಂಚನ ಆಂಪಿನಿಂದ ಹೊರಗೆ ಬರುವುದಿಲ್ಲ. ನಮ್ಮಜ್ಜಿಯ ಹಲಸಿನ ಮರದ ವೀಣೆಗೆ ನನಗೆ ಗೊತ್ತಿದ್ದ ಹಾಗೆ ಮೂರು ಸಲ ಹೊಸ ಮೇಣ ಹಾಕಿಸಿ ಮೇಳ ಕಟ್ಟಿಸಿದ್ದಾರೆ, ತಂತಿಗಳಿಗಂತೂ ಲೆಕ್ಕವೇ ಇಲ್ಲ. ಅದು ಇನ್ನೂ ಹಳೆಯ ವೀಣೆಯೇ ಎಂದು ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಅಜ್ಜಿಗೆ ಬೇಕಾಗಿದ್ದದ್ದು ಗಮಕಕ್ಕೆ ತಂತಿ ಸಲೀಸಾಗಿ ಎಳೆಯಲು ಬರುತ್ತದೆಯೇ ಎಂಬುದು.

ಕೇಳಿ ನೋಡಿದೆ, ಅಂಕಲ್ ತಮ್ಮ ಬೇಸನ್ನು ಮಾರಲು ಒಪ್ಪಲಿಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೂವರೆ ಗಂಟೆ ನಿಂತು ನುಡಿಸಿದರೆ ಎಡ ಹೆಗಲು ಎರಡು ದಿನ ಏಳುವುದಿಲ್ಲವೆಂದೂ, ಕುಳಿತು ನುಡಿಸಲು ಮನಸ್ಸಿಲ್ಲವೆಂದೂ, ನನ್ನದನ್ನು ಒಂದು ತಿಂಗಳು ಕೊಟ್ಟರೆ ತಮ್ಮದನ್ನು ಅಷ್ಟು ದಿನ ಇಟ್ಟುಕೊಳ್ಳಬಹುದೆಂದೂ ಹೇಳಿದರು. ಗಣೇಶನ ಹಬ್ಬದ ಕಾರ್ಯಕ್ರಮಗಳಿಗೆ ಇನ್ನೂ ಒಂದೂವರೆ ತಿಂಗಳಿದೆ, ಒಪ್ಪಿದೆ. ಸ್ಕೂಟರಿನಲ್ಲಿ ಆ 4.8 ಕೆಜಿಯನ್ನು ಬೆನ್ನಿಗೆ ಕಟ್ಟಿಕೊಂಡು ಜಯನಗರ ತಲುಪುವಷ್ಟರಲ್ಲಿ ಅವರ ಹೆಗಲಿನ ಸಂಕಟ ನನಗೂ ಅರ್ಥವಾಯಿತು. ಗೆಳೆಯನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಹಳೇ ತಂತಿ ಎಸೆದುಬಿಟ್ಯಾ?" ಎಸೆದಿರಲಿಲ್ಲ. ಏಕೆಂದು ಗೊತ್ತಿಲ್ಲದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಇದನ್ನು ಅವನಿಗೆ ಹೇಳಿಲ್ಲ, ಕೇಳಿದರೆ ಕೊಡುವುದೂ ಇಲ್ಲ.

ಗುರುವಾರ ರಾತ್ರಿ ಅಂಕಲ್ ಫೋನ್ ಬಂತು. ದನಿ ಸಣ್ಣಗಾಗಿತ್ತು. "ನಾನೇನೂ ಮಾಡಿಲ್ಲಪ್ಪ, ನಿನ್ನ ಬೇಸು ಬೆಳಿಗ್ಗೆಯಿಂದ ಉಸಿರೇ ಬಿಡ್ತಿಲ್ಲ." ಕೇಬಲ್ ಯಾವಾಗ ಸಿಕ್ಕಿಸಿದಿರಿ ಎಂದು ಕೇಳಿದೆ. ಭಾನುವಾರ ಸಿಕ್ಕಿಸಿದ್ದು, ತೆಗೆದೇ ಇಲ್ಲ ಎಂದರು. ಅವರದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟು ಅಭ್ಯಾಸ. ನನ್ನ ವಾದ್ಯದೊಳಗೆ ಪ್ರೀಆಂಪ್ ಇದೆ, ಕೇಬಲ್ ಸಿಕ್ಕಿಸಿದ ಕ್ಷಣದಿಂದ ಅದು ಬ್ಯಾಟರಿ ತಿನ್ನುತ್ತಿರುತ್ತದೆ, ನಾನು ಹೋದ ವರ್ಷ ಹಾಕಿದ್ದ ಬ್ಯಾಟರಿ ಈಗ ಮುಗಿದಿದೆ ಎಂದು ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಬೇಸಿಗೂ ಬ್ಯಾಟರೀನಾ?" ಎಂದು ನಕ್ಕರು, ಕೆಮ್ಮು ಬರುವ ತನಕ ನಕ್ಕರು. ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ತೆಗೆದಿಟ್ಟಿದ್ದೇನೆ. ಭಾನುವಾರದ ಪೂಜೆ ಎಂಟಕ್ಕೆ. ಏಳಕ್ಕೆಲ್ಲ ಅಲ್ಲಿರಬೇಕು, ಚಿಕ್ಕ ಸ್ಕ್ರೂಡ್ರೈವರ್ ಮರೆಯದೆ ತಾ ಎಂದಿದ್ದಾರೆ.