ಐ-70 ಬಿಟ್ಟು ನಿಕೋಡೀಮಸ್ ಕಡೆಗೆ

ಅಮೆರಿಕದಲ್ಲಿ ಕನ್ಸಾಸ್ ಸಿಟಿಯಿಂದ ಡೆನ್ವರ್‌ಗೆ ಕಾರಲ್ಲಿ ಹೊರಟವರು ನಡುವಿನ ಬಯಲನ್ನು ಬೈದುಕೊಂಡೇ ದಾಟುತ್ತಾರೆ. ಅರ್ಧ ದಿನ ಕೈಯಲ್ಲಿದ್ದರೆ ಹೇಸ್ ಊರಲ್ಲಿ ಐ-70 ಹೆದ್ದಾರಿ ಬಿಡಿ. 183ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸ್ಟಾಕ್ಟನ್, ಅಲ್ಲಿಂದ 24ರಲ್ಲಿ ಪಶ್ಚಿಮಕ್ಕೆ ತಿರುಗಿದರೆ ಕನ್ಸಾಸ್ ರಾಜ್ಯದ ಗ್ರಹಾಂ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ನಿಕೋಡೀಮಸ್. ಮುಂದೆ ಹಿಲ್ ಸಿಟಿ, ವಾಕೀನಿ ದಾರಿಯಾಗಿ ಮತ್ತೆ ಐ-70 ಸೇರಬಹುದು.

ಕಥೆ ತಿಳಿದುಕೊಂಡೇ ಹೋಗಿ. ಇಲ್ಲದಿದ್ದರೆ ಬೆರಳೆಣಿಕೆಯ ಹಳೇ ಕಟ್ಟಡ ನೋಡಿ "ಇಷ್ಟೇನಾ?" ಅನ್ನಿಸೀತು. ಜೀತದಿಂದ ಬಿಡುಗಡೆಯಾದ ಕರಿಯ ಜನ 1877ರಲ್ಲಿ ಕೆಂಟಕಿಯಿಂದ ಬಂದು ಕಟ್ಟಿದ ಊರಿದು. ಎಲ್ಲಿಸ್‌ವರೆಗೆ ರೈಲು, ಆಮೇಲೆ ಸುಮಾರು 35 ಮೈಲಿ ನಡಿಗೆ. ಜನರನ್ನು ಕರೆಯಲು ಹಂಚಿದ್ದ ಕರಪತ್ರಗಳಲ್ಲಿ ಬಣ್ಣಿಸಿದ್ದ ಊರು ಕಾಣಲಿಲ್ಲ. ಮರವೇ ಇಲ್ಲದ ನೆಲ, ಹಾಗಾಗಿ ಮಣ್ಣು ತೋಡಿ ಗುಂಡಿಮನೆ ಮಾಡಿಕೊಂಡಿದ್ದರು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್‌ಗೆ ಗಂಡ ತೋರಿಸಿದ ಊರೆಂದರೆ ನೆಲದಿಂದೇಳುತ್ತಿದ್ದ ಹೊಗೆ. ಆಕೆ ಅತ್ತೇಬಿಟ್ಟರು. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ ಮಾಂಸ ಹಂಚದಿದ್ದರೆ ಇನ್ನೆಷ್ಟು ಕಷ್ಟವಾಗುತ್ತಿತ್ತೋ.

ಕೌಂಟಿ ಆಡಳಿತ ಶುರುವಾದದ್ದು 1880ರಲ್ಲಿ. ಅದರ ಗುಮಾಸ್ತೆಯಾಗಿ ರಾಜ್ಯಪಾಲರು ನೇಮಿಸಿದ್ದು ಇದೇ ಊರಿನ ಎಡ್ವರ್ಡ್ ಮೆಕೇಬ್ ಅವರನ್ನು. ಎರಡೇ ವರ್ಷದಲ್ಲಿ ಅವರು ರಾಜ್ಯದ ಆಡಿಟರ್ ಹುದ್ದೆಗೆ ಚುನಾಯಿತರಾದರು. ಗುಂಡಿಮನೆಯ ಊರಿಗೆ ಅದು ಸಣ್ಣ ಮಾತಲ್ಲ. ಆದರೆ 1888ರಲ್ಲಿ ರೈಲುಹಳಿ ಸಾಲೊಮನ್ ನದಿಯ ಆಚೆ ದಡದಲ್ಲಿ ಹೋಯಿತು. ಅಂಗಡಿಗಳೂ ಹಳಿಯ ಪಕ್ಕದ ಬೋಗ್ ಊರಿಗೆ ಹೋದವು. ಅದೇ ವರ್ಷ ಕೌಂಟಿಯ ಕಚೇರಿ ಮಿಲ್‌ಬ್ರೂಕ್‌ನಿಂದ ಹಿಲ್ ಸಿಟಿಗೆ ಬಂತು. ಹಿಲ್ ಸಿಟಿಯ ಹೆಸರಲ್ಲಿರುವ ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ವ್ಯಾಪಾರಿಯೇ ನಿಕೋಡೀಮಸ್ ನಿವೇಶನಗಳ ಪಾಲುದಾರ ಕೂಡ. ಹಾಗಾಗಿ ಎರಡೂ ಊರು ಒಂದೇ ದಿನ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲು 1939ರ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್‌ಗೆ ಹೋಗಿ. ಅಲ್ಲಿನ ರೇಂಜರ್ (ರಾಷ್ಟ್ರೀಯ ಉದ್ಯಾನ ಸೇವೆಯ ಸಿಬ್ಬಂದಿ) ಹತ್ತಿರ ನಕ್ಷೆ ಕೇಳಿ, 1907ರ ಬ್ಯಾಪ್ಟಿಸ್ಟ್ ಚರ್ಚ್, 1918ರ ಶಾಲೆ, ಸೇಂಟ್ ಫ್ರಾನ್ಸಿಸ್ ಹೋಟೆಲ್ ನಡೆದುಕೊಂಡೇ ನೋಡಬಹುದು. ಕೆಲವಕ್ಕೆ ಒಳಗೆ ಪ್ರವೇಶವಿಲ್ಲ. ಪ್ರವೇಶ ಶುಲ್ಕವಿಲ್ಲ, ಆದರೆ ತೆರೆದಿರುವ ದಿನ ನೋಡಿಕೊಂಡು ಹೊರಡಿ. ಜುಲೈ ಕೊನೆಯ ವಾರಾಂತ್ಯದಲ್ಲಿ ದೂರದೂರದ ವಂಶಸ್ಥರು ಸೇರುವ ಹಬ್ಬವಿರುತ್ತದೆ. ಆಗ ಹೋದರೆ ಹಿರಿಯರ ಬಾಯಿಂದಲೇ ಕಥೆ ಕೇಳಬಹುದು. ಬಿಸಿಲಿಗೆ ಮಾತ್ರ ಟೋಪಿ, ನೀರು ಇರಲೇಬೇಕು. ಊಟ, ಪೆಟ್ರೋಲ್ ಎರಡನ್ನೂ ಸ್ಟಾಕ್ಟನ್‌ನಲ್ಲೇ ಮುಗಿಸಿಕೊಳ್ಳಿ.