ಕಾಗದದ ಮೇಲಿನ ತಾರೀಖು

ನಾನು ಅಮೆರಿಕದಲ್ಲಿ ಒಂದು ಲಾಯರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಲಾಯರ್ ಅಲ್ಲ, ಫೋನ್ ಎತ್ತುವವಳು. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ದುಡಿಯಲಾಗದವರು ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಇಲಾಖೆಯ ಡಿಸೆಬಿಲಿಟಿ ಹಣಕ್ಕೆ ಅರ್ಜಿ ಹಾಕಿರುತ್ತಾರೆ. ಆಗಲ್ಲ ಅಂತ ಉತ್ತರ ಬಂದ ಮೇಲೆ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅವರ ಕಥೆ ಕೇಳಿ, ಬರೆದುಕೊಂಡು, ಫೈಲ್ ಮಾಡಿ ಲಾಯರ್ ಮೇಜಿನ ಮೇಲಿಡುವುದು ನನ್ನ ಕೆಲಸ.

ಸೇರಿದ ಮೊದಲ ವರ್ಷ ಒಬ್ಬರು ಫೋನ್ ಮಾಡಿದರು. ಗೋದಾಮಿನಲ್ಲಿ ಸಾಮಾನು ಎತ್ತುತ್ತಿದ್ದವರು. ಬೆನ್ನಿಗೆ ಎರಡು ಸಲ ಆಪರೇಷನ್ ಆಗಿತ್ತು. ಡಾಕ್ಟರ್ ಯಾರು, ಮಾತ್ರೆ ಯಾವುದು, ಕೊನೆಯ ದಿನ ಕೆಲಸಕ್ಕೆ ಹೋಗಿದ್ದು ಯಾವಾಗ, ಎಲ್ಲ ಕೇಳಿದೆ. ಅರ್ಜಿ ತಿರಸ್ಕಾರವಾದ ಕಾಗದ ಬಂದಿದೆ ಅಂದರು. ಅದನ್ನೂ ಬರೆದುಕೊಂಡೆ. ಆ ಕಾಗದ ಯಾವ ತಾರೀಖಿನದು ಅಂತ ಮಾತ್ರ ಕೇಳಲಿಲ್ಲ.

ಕಾಗದ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಅಂಚೆಗೆ ಅಂತ 5 ದಿನ ಸೇರಿಸಿ, ಕಾಗದದ ತಾರೀಖಿನಿಂದ 65 ದಿನ ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಲಾಯರ್ ಫೈಲ್ ತೆರೆದಾಗ 67ನೇ ದಿನ. ಅವರು ಬೈಯಲಿಲ್ಲ. ಕಾಗದದ ಮೇಲ್ತುದಿಯಲ್ಲಿದ್ದ ತಾರೀಖಿನ ಮೇಲೆ ಪೆನ್ನಿನ ತುದಿ ಇಟ್ಟು ಸುಮ್ಮನೆ ನನ್ನ ಕಡೆ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಅವಧಿ ಮುಗಿದರೆ ಹೊಸದಾಗಿ ಅರ್ಜಿ ಹಾಕಬಹುದು, ಇಲ್ಲ ಅಂತಲ್ಲ. ಆದರೆ ದುಡಿದು ತೆರಿಗೆ ಕಟ್ಟಿದವರಿಗೆ ಸಿಗುವ ಹಣ ಅರ್ಜಿಯ ದಿನದಿಂದ ಹಿಂದಕ್ಕೆ ಹೆಚ್ಚೆಂದರೆ 12 ತಿಂಗಳದ್ದು ಮಾತ್ರ. ತಡವಾದಷ್ಟೂ ಹಳೆಯ ತಿಂಗಳುಗಳು ಕೈಬಿಟ್ಟು ಹೋಗುತ್ತವೆ. ಪುಣ್ಯಕ್ಕೆ ಅವರು ಆ ಎರಡು ತಿಂಗಳಲ್ಲಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ತಡಕ್ಕೆ ಸರಿಯಾದ ಕಾರಣವಿದೆ ಎಂದು ಬರೆದು ಕೊಟ್ಟೆವು, ಒಪ್ಪಿದರು. ಉತ್ತರ ಬರುವವರೆಗೆ ನನಗಂತೂ ನಿದ್ದೆ ಇರಲಿಲ್ಲ.

ಹಾಗಾಗಿ ಲಾಯರ್ ಹುಡುಕುವವರಿಗೆ ನಾನು ಹೇಳುವುದು ಇಷ್ಟೇ: ನೀವು ಏನು ಕೇಳಬೇಕು ಅನ್ನುವುದಕ್ಕಿಂತ ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಮೊದಲ ಐದು ನಿಮಿಷದಲ್ಲಿ ಕಾಗದದ ತಾರೀಖು ಕೇಳದ ಆಫೀಸು ನಮ್ಮ ಆಫೀಸೇ ಆಗಿದ್ದರೂ ಅನುಮಾನ ಪಡಿ. ಲಾಯರ್ ಸಿಗುವ ತನಕ ಕಾಯಲೂಬೇಡಿ. ಮೇಲ್ಮನವಿಯನ್ನು ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು. ಹಾಕಿಬಿಟ್ಟು ಆಮೇಲೆ ನಿಧಾನವಾಗಿ ಹುಡುಕಿ.

ಫೀಸಿನ ಬಗ್ಗೆ ಎಲ್ಲರಿಗೂ ಭಯ. ಇಲ್ಲಿ ಸಾಮಾನ್ಯವಾಗಿ ಗೆದ್ದರೆ ಮಾತ್ರ ಫೀಸ್. ಹಿಂದಿನ ತಿಂಗಳುಗಳದ್ದಾಗಿ ಬಾಕಿ ಬರುವ ಹಣದಲ್ಲಿ ಕಾಲು ಭಾಗ, ಅಥವಾ ಸರ್ಕಾರ ಹಾಕಿದ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆ ಮಿತಿಯನ್ನು 2024ರ ನವೆಂಬರ್ 30ರಂದು 7,200 ಡಾಲರ್‌ನಿಂದ 9,200ಕ್ಕೆ ಏರಿಸಿದರು. ಬಾಕಿ 20,000 ಬಂದರೆ ಲಾಯರ್‌ಗೆ 5,000. ಬಾಕಿ 50,000 ಆದರೆ ಕಾಲು ಭಾಗ 12,500 ಆಗುತ್ತದೆ, ಆದರೆ 9,200ರ ಮಿತಿಯಿದ್ದರೆ ಸಿಗುವುದು ಅಷ್ಟು ಮಾತ್ರ. ಈ ಹಣವನ್ನು ಸೋಷಿಯಲ್ ಸೆಕ್ಯುರಿಟಿಯವರೇ ಮುರಿದುಕೊಂಡು ಲಾಯರ್‌ಗೆ ಕಳಿಸುತ್ತಾರೆ. ಆಸ್ಪತ್ರೆ ದಾಖಲೆ ತರಿಸುವ ಖರ್ಚು ಬೇರೆ. ಸೋತರೂ ಅದನ್ನು ನೀವು ಕೊಡಬೇಕಾ ಅಂತ ಸಹಿ ಹಾಕುವ ಮೊದಲೇ ಕೇಳಿ.

ಇನ್ನೊಂದು ಮಾತು, ಆಫೀಸಿನವಳಾಗಿ ಹೇಳಬಾರದೇನೋ. ಗೆದ್ದರೆ ಮಾತ್ರ ಹಣ ಅಂದರೆ ನಾವೂ ಕೇಸ್ ಆರಿಸುತ್ತೇವೆ ಅಂತ ಅರ್ಥ. ಒಂದು ಆಫೀಸು ಬೇಡ ಅಂದರೆ ನಿಮ್ಮ ಕಾಯಿಲೆ ಸುಳ್ಳು ಅಂತಲ್ಲ. ಇನ್ನೊಬ್ಬರನ್ನು ಕೇಳಿ. ಆದಾಯ ಕಡಿಮೆ ಇದ್ದರೆ ಉಚಿತ ಕಾನೂನು ನೆರವು ಕೊಡುವ ಕಚೇರಿಗಳಿವೆ, ಕೆಲವು ಲಾ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಉಸ್ತುವಾರಿಯಲ್ಲಿ ಕೇಸ್ ನೋಡುವ ಕ್ಲಿನಿಕ್‌ಗಳಿವೆ. ಲಾಯರ್ ಅಲ್ಲದವರೂ ಪ್ರತಿನಿಧಿಯಾಗಿ ನಿಲ್ಲಬಹುದು, ಅವರಲ್ಲೂ ಒಳ್ಳೆಯವರಿದ್ದಾರೆ. ಲಾಯರ್ ಆದರೆ ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಆ ರಾಜ್ಯದ ಬಾರ್‌ನಲ್ಲಿ, ಅಂದರೆ ವಕೀಲರ ಸಂಘದಲ್ಲಿ ವಿಚಾರಿಸಿ. ಮಧ್ಯದಲ್ಲಿ ಬದಲಾಯಿಸುವುದು ಕಷ್ಟ. ಹಳಬರು ತಮ್ಮ ಫೀಸ್ ಬಿಟ್ಟುಕೊಡದಿದ್ದರೆ ಹೊಸಬರು ಕೇಸ್ ಮುಟ್ಟಲು ಹಿಂದೆಮುಂದೆ ನೋಡುತ್ತಾರೆ.

ದಾಖಲೆಗಳನ್ನು ಯಾರು ಓದುತ್ತಾರೆ ಅಂತಲೂ ಕೇಳಿ. ವಿಚಾರಣೆಯ ದಿನ ಬೆಳಿಗ್ಗೆಯಷ್ಟೇ ತಮ್ಮ ಲಾಯರ್ ಮುಖ ನೋಡಿದವರ ಕಥೆ ಬೇಕಾದಷ್ಟು ಕೇಳಿದ್ದೇನೆ. ಓದುವುದು ಯಾಕೆ ಮುಖ್ಯ ಅಂತ ನನಗೆ ಗೊತ್ತಾಗಿದ್ದು ನಮ್ಮ ಕನ್ನಡದವರೇ ಒಬ್ಬ ಆಂಟಿಯ ಕೇಸಿನಲ್ಲಿ. ಕೀಲುವಾತ, ಎರಡೂ ಕೈಗೆ. ಅಡುಗೆ ಕೆಲಸ ಮಾಡುತ್ತಿದ್ದವರು. ಡಾಕ್ಟರ್ ಬರೆದ ಟಿಪ್ಪಣಿಯಲ್ಲಿ ಪ್ರತಿ ಭೇಟಿಗೂ ಒಂದೇ ಸಾಲು: ರೋಗಿ ಚೆನ್ನಾಗಿದ್ದಾರೆ.

"ಯಾಕೆ ಆಂಟಿ, ಡಾಕ್ಟರ್ ಹತ್ರ ಹೀಗೆ ಹೇಳಿದ್ರಾ?"

"ಹೇಗಿದ್ದೀರಾ ಅಂತ ಕೇಳಿದ್ರು. ಮತ್ತೇನು ಹೇಳ್ಲಮ್ಮ? ಚೆನ್ನಾಗಿದೀನಿ ಅಂದೆ."

ನಮ್ಮಲ್ಲಿ ಅದು ಬರೀ ಮರ್ಯಾದೆಯ ಮಾತು, ಅಲ್ವಾ? ಅರ್ಜಿ ನೋಡುವವರಿಗೆ ಅದೇ ಸಾಕ್ಷಿ. ನಮ್ಮ ಲಾಯರ್ ಕಾಯಿಲೆಯ ಹೆಸರನ್ನೇ ಎತ್ತಲಿಲ್ಲ. ಬಟ್ಟೆಯ ಗುಂಡಿ ಯಾರು ಹಾಕುತ್ತಾರೆ? ಫೋನ್ ಹಿಡಿದರೆ ಎಷ್ಟು ಹೊತ್ತಿಗೆ ಕೈ ಬದಲಿಸುತ್ತೀರಿ? ಡಬ್ಬಿಯ ಮುಚ್ಚಳ? ನಾನು ಒಂದೊಂದೇ ಕನ್ನಡದಲ್ಲಿ ಕೇಳಿದೆ. ಮುಚ್ಚಳ ಅಂದಾಗ ಆಂಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೊಮ್ಮಗ ತೆಗೆದುಕೊಡ್ತಾನೆ. ಅವನು ಸ್ಕೂಲಿಗೆ ಹೋದ್ರೆ ಉಪ್ಪಿನಕಾಯಿ ಇಲ್ಲ" ಅಂದರು.

ಆ ಉತ್ತರಗಳನ್ನು ಹಿಡಿದುಕೊಂಡು ಲಾಯರ್ ಆಂಟಿಯ ಡಾಕ್ಟರಿಗೆ ಒಂದು ಫಾರಂ ಕಳಿಸಿದರು. ಬೆರಳಲ್ಲಿ ಹಿಡಿಯುವ ಕೆಲಸ ದಿನಕ್ಕೆ ಎಷ್ಟು ಹೊತ್ತು ಮಾಡಬಲ್ಲರು, ತಿಂಗಳಿಗೆ ಎಷ್ಟು ದಿನ ರಜೆ ಬೇಕಾದೀತು, ಹೀಗೆ. ವಿಚಾರಣೆಗೆ ಸಾಮಾನ್ಯವಾಗಿ ಒಬ್ಬ ಉದ್ಯೋಗ ತಜ್ಞರನ್ನು ಕರೆದಿರುತ್ತಾರೆ. ಇಂಥ ಕೈ ಇರುವವರಿಗೆ ಯಾವ ಕೆಲಸ ಇದೆ ಅಂತ ನ್ಯಾಯಾಧೀಶರು ಅವರನ್ನು ಕೇಳುತ್ತಾರೆ. ಆಗ ಉಪಯೋಗಕ್ಕೆ ಬರುವುದು ಈ ಲೆಕ್ಕ, ಕಾಯಿಲೆಯ ಹೆಸರಲ್ಲ. ದಾಖಲೆಗಳನ್ನು ವಿಚಾರಣೆಗೆ 5 ಕೆಲಸದ ದಿನ ಮೊದಲೇ ಕೊಡಬೇಕು, ಇಲ್ಲವೇ ಇಂಥದ್ದು ಬರಲಿದೆ ಅಂತ ತಿಳಿಸಿರಬೇಕು. ಅಂದಹಾಗೆ, ವಿಚಾರಣೆಗೆ ದುಭಾಷಿಯನ್ನು ಸೋಷಿಯಲ್ ಸೆಕ್ಯುರಿಟಿಯವರೇ ಉಚಿತವಾಗಿ ಕೊಡುತ್ತಾರೆ. ಮಗಳು ರಜೆ ಹಾಕಿ ಬರಬೇಕಿಲ್ಲ.

ಈಗ ನನ್ನ ನೋಟ್‌ಪ್ಯಾಡಿನಲ್ಲಿ ಹೆಸರಿಗಿಂತ ಮೊದಲು ತಾರೀಖಿನ ಜಾಗ. ಹೋದ ವಾರ ಒಬ್ಬರು ಹಿರಿಯರು ಫೋನ್ ಮಾಡಿ ಮೊಣಕಾಲಿನ ಕಥೆ ಶುರು ಮಾಡಿದರು. ಕ್ಷಮಿಸಿ, ಮೊದಲು ಕಾಗದದ ತಾರೀಖು ಓದಿ ಅಂದೆ. ಕನ್ನಡಕ ಎಲ್ಲಿಟ್ಟೆನೋ, ಇರಿ ಅಂತ ಫೋನ್ ಮೇಜಿನ ಮೇಲಿಟ್ಟು ಹೋದರು. ಡ್ರಾಯರ್ ಎಳೆಯುವ ಸದ್ದು, ಕೋಲಿನ ಸದ್ದು. ಏಳು ನಿಮಿಷ ಕಾದೆ. ಆವತ್ತಿಗೆ 61ನೇ ದಿನ. ಸಂಜೆಯೊಳಗೆ ಮೇಲ್ಮನವಿ ಹಾಕಿದೆವು. ಮೊಣಕಾಲಿನ ಕಥೆ ಮಾರನೆಯ ದಿನ ಕೇಳಿದೆ.