ಇದು ರೋಲಿಫ್ಲೆಕ್ಸಾ?

ಹಳೆಯ ಕ್ಯಾಮೆರಾ ಕೂಡಿಡುವ ಹುಚ್ಚು ನನಗಿದೆ ಎಂದು ಗೊತ್ತಿರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೇಲೊಂದು ಕೆಳಗೊಂದು ಲೆನ್ಸ್ ಇರುವ ಪೆಟ್ಟಿಗೆಯ ಫೋಟೊ ಕಳಿಸಿ, "ಇದು ರೋಲಿಫ್ಲೆಕ್ಸಾ? ಎಷ್ಟು ಹಳೆಯದು?" ಎನ್ನುತ್ತಾರೆ. ರೋಲಿಫ್ಲೆಕ್ಸ್ ಅಂದರೆ ಜರ್ಮನಿಯ ಹೆಸರಾಂತ ಜೋಡಿ ಲೆನ್ಸ್ ಕ್ಯಾಮೆರಾ. ಹೆಚ್ಚಿನ ಸಲ ಅದು ರೋಲಿಫ್ಲೆಕ್ಸ್ ಆಗಿರುವುದಿಲ್ಲ. ಮತ್ತೆ ಯಾವುದು ಅಂತ ಹೇಳಬೇಕಾದರೆ ನಾನು ಹೆಸರಿನ ಫಲಕ ಓದುವುದು ಕೊನೆಗೆ. ಮೊದಲು ನೋಡುವುದು ಎರಡು ಲೆನ್ಸ್‌ಗಳ ನಂಟನ್ನು.

ಕೆಳಗಿನ ಲೆನ್ಸ್ ಫಿಲ್ಮ್ ಮೇಲೆ ಚಿತ್ರ ಮೂಡಿಸುತ್ತದೆ. ಮೇಲಿನದು ಒಳಗಿನ ಕನ್ನಡಿಯ ಮೂಲಕ ಅದೇ ನೋಟವನ್ನು, ಎಡಬಲ ಅದಲುಬದಲಾಗಿ, ನೆತ್ತಿಯ ಗಾಜಿಗೆ ತಲುಪಿಸುತ್ತದೆ. ಫೋಕಸ್ ಮಾಡುವಾಗ ಎರಡೂ ಒಟ್ಟಿಗೇ ಸರಿಯಬೇಕು. ಮೇಲಿನದು ಅಲುಗದೇ ಕೂತಿದ್ದರೆ ಅದು ಟಿಎಲ್ಆರ್ (ಟ್ವಿನ್ ಲೆನ್ಸ್ ರಿಫ್ಲೆಕ್ಸ್, ಅಂದರೆ ಇಂಥ ಜೋಡಿ ಲೆನ್ಸ್ ಕ್ಯಾಮೆರಾ) ವೇಷ ಹಾಕಿದ ಸರಳ ಬಾಕ್ಸ್ ಕ್ಯಾಮೆರಾ. 1947ರಲ್ಲಿ ಬಂದ ಕೊಡ್ಯಾಕ್ ಡುವಾಫ್ಲೆಕ್ಸ್ ಅಂಥದು. ಅದರ ಮೇಲಿನ ಗಾಜಿನಲ್ಲಿ ನೋಟ ಬಲು ಚೆನ್ನಾಗಿ ಬೆಳಗುತ್ತದೆ, ಆದರೆ ಫೋಕಸ್ ಸರಿಯಿದೆಯೋ ಇಲ್ಲವೋ ಎಂದು ಅದು ಹೇಳುವುದೇ ಇಲ್ಲ.

ಎರಡೂ ಸರಿದರೆ, ಹೇಗೆ ಸರಿಯುತ್ತವೆ? ಇಲ್ಲೇ ಅರ್ಧ ಗುರುತು ಸಿಕ್ಕಿಬಿಡುತ್ತದೆ. ಲೆನ್ಸ್‌ಗಳ ಅಂಚಿಗೆ ಹಲ್ಲುಗಳಿದ್ದು ಒಂದು ತಿರುಗಿದರೆ ಇನ್ನೊಂದೂ ತಿರುಗಿದರೆ ಜಪಾನಿನ ರಿಕೋಫ್ಲೆಕ್ಸ್, ಸೋವಿಯತ್ ಲ್ಯುಬಿಟೆಲ್‌ಗಳ ಕಡೆ ಯೋಚಿಸಿ. ಮಡಿಕೆಮಡಿಕೆಯಾದ ಬೆಲ್ಲೋಸ್ ಹೊರಗೆ ಚಾಚಿಕೊಂಡು, ಲೆನ್ಸ್ ಜೋಡಿಯೇ ಕಳಚಿ ಬರುವಂತಿದ್ದರೆ ಬಹುತೇಕ ಮಾಮಿಯಾ ಸಿ ಸರಣಿಯದು. ಮುಂದಿನ ತಟ್ಟೆ ಇಡಿಯಾಗಿ ಹಿಂದೆಮುಂದೆ ಹೋಗುವುದು ರೋಲಿಯ ರೀತಿ. ಯಾಶಿಕಾ, ಮಿನೋಲ್ಟಾ ಆಟೊಕಾರ್ಡ್ ಎಲ್ಲ ಅದೇ ದಾರಿ ಹಿಡಿದವು. ಇವುಗಳಲ್ಲಿ ಫೋಕಸ್ ಗುಂಡಿಯ ಬದಲು ಲೆನ್ಸ್ ಕೆಳಗೆ ಅಡ್ಡ ಓಡಾಡುವ ಪುಟ್ಟ ಲಿವರ್ ಇದ್ದರೆ ಅದು ಆಟೊಕಾರ್ಡ್ ಇರಬಹುದು.

ಹೆಸರನ್ನು ನಾನು ಯಾಕೆ ನಂಬುವುದಿಲ್ಲ ಅಂದರೆ, ಬ್ರೌನ್‌ಷ್ವೈಗ್‌ನ ಫ್ರಾಂಕೆ ಅಂಡ್ ಹೈಡೆಕೆ ಕಂಪನಿ 1929ರಲ್ಲಿ ರೋಲಿಫ್ಲೆಕ್ಸ್ ತಂದು ಗೆದ್ದ ಮೇಲೆ ಎಲ್ಲರೂ 'ಫ್ಲೆಕ್ಸ್' ಆದರು. 1933ರಲ್ಲಿ ಅದೇ ಕಂಪನಿಯ ರೋಲಿಕಾರ್ಡ್ ಬಂದ ಮೇಲೆ ಕೆಲವರು 'ಕಾರ್ಡ್' ಆದರು. 1950ರ ದಶಕದ ಜಪಾನಿನಲ್ಲಂತೂ ಸಣ್ಣಪುಟ್ಟ ಕಾರ್ಖಾನೆಗಳೆಲ್ಲ ಹೊರಗಿನ ಶಟರ್, ಹೊರಗಿನ ಲೆನ್ಸ್ ತಂದು ಜೋಡಿಸಿ ಹೊಸ ಹೊಸ ಫ್ಲೆಕ್ಸ್‌ಗಳನ್ನು ಹುಟ್ಟಿಸಿದವು. ಇನ್ನು ರೋಲಿ ಮನೆಯೊಳಗೇ ನೋಡಿದರೆ, ಮೊದಲ ಮಾದರಿಯನ್ನು ಬಿಟ್ಟರೆ ಸಾಮಾನ್ಯವಾಗಿ ರೋಲಿಫ್ಲೆಕ್ಸ್‌ಗೆ ಫಿಲ್ಮ್ ಸುತ್ತಲು ಹಿಡಿಕೆ, ರೋಲಿಕಾರ್ಡ್‌ಗೆ ಗುಂಡಿ.

ವಯಸ್ಸು ತಿಳಿಯಲು ಸಣ್ಣ ಅಕ್ಷರಗಳೇ ಗತಿ. ಜರ್ಮನಿಯ ಕ್ಯಾಮೆರಾದಲ್ಲಿ 'ಡಿಆರ್‌ಪಿ' ಎಂದಿದ್ದರೆ 1945ರವರೆಗಿನ ಜರ್ಮನ್ ರೈಖ್ ಕಾಲದ ಪೇಟೆಂಟ್, 'ಡಿಬಿಪಿ' ಎಂದಿದ್ದರೆ ಎರಡನೇ ಮಹಾಯುದ್ಧದ ನಂತರದ ಪಶ್ಚಿಮ ಜರ್ಮನಿಯದು. 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದು ಕೊರೆದಿದ್ದರೆ ಅದು 1952ಕ್ಕೆ ಮುಂಚಿನ ಮಾಲು. ಲೆನ್ಸ್‌ಗೆ ನೇರಳೆ, ನೀಲಿ ಛಾಯೆಯ ಲೇಪನ, ಫ್ಲ್ಯಾಶ್ ಸಿಕ್ಕಿಸುವ ಸಾಕೆಟ್ ಇವೆರಡೂ ಸಾಮಾನ್ಯವಾಗಿ ಯುದ್ಧಾನಂತರದ ಗುರುತುಗಳು. ಆದರೆ ಸಾಕೆಟ್ಟನ್ನು ರಿಪೇರಿಯವರು ಆಮೇಲೆ ಕೂರಿಸಿರಬಹುದು, ಲೆನ್ಸ್ ಬದಲಾಗಿರಬಹುದು. ಬಾಡಿ, ಲೆನ್ಸ್, ಶಟರ್ ಮೂರರ ಸೀರಿಯಲ್ ನಂಬರುಗಳೂ ಒಂದೇ ಕಾಲವನ್ನು ಹೇಳುತ್ತವೆಯೇ ನೋಡಬೇಕು. ಒಂದೇ ನಂಬರ್ ಹಿಡಿದು ವರ್ಷ ಸಾರುವ ಮಾರಾಟಗಾರರನ್ನು ಕಂಡರೆ ನನಗೆ ನಗು ಬರುತ್ತದೆ.

ಬಳಸುವ ಆಸೆಯಿದ್ದರೆ ಫಿಲ್ಮ್ ಅಳತೆಯನ್ನೂ ನೋಡಿ. 120 ಎಂಬ ಅಳತೆಯ ರೋಲ್ ಫಿಲ್ಮ್ ಇಂದಿಗೂ ಸಿಗುತ್ತದೆ. 620ರ ಫಿಲ್ಮ್ ಅಗಲ ಅಷ್ಟೇ, ಅದನ್ನು ಸುತ್ತಿಡುವ ಸ್ಪೂಲ್ ಮಾತ್ರ ತೆಳು. ಕೊಡ್ಯಾಕ್ 620 ಫಿಲ್ಮನ್ನು 1995ರಲ್ಲಿ ನಿಲ್ಲಿಸಿತು. ಈಗ 120 ಫಿಲ್ಮನ್ನು ಕತ್ತಲೆಯಲ್ಲಿ ಹಳೆಯ 620 ಸ್ಪೂಲಿಗೆ ಸುತ್ತಿಕೊಳ್ಳಬೇಕು.

ಯಾವುದನ್ನು ಕೊಳ್ಳಲಿ ಎಂದರೆ ನನ್ನ ಮತ ರೋಲಿಕಾರ್ಡ್‌ಗೆ, ಅದರಲ್ಲೂ ಕ್ಸೆನಾರ್ ಎಂಬ ಲೆನ್ಸ್ ಇರುವುದಕ್ಕೆ. ರೋಲಿಫ್ಲೆಕ್ಸ್ ಮಾಡಿದ ಕಾರ್ಖಾನೆಯದೇ ಮಾಲು, ಹಗುರ, ಕೆಡುವ ಭಾಗ ಕಡಿಮೆ. ಯಾಶಿಕಾ ಮ್ಯಾಟ್ 124ಜಿ ಬಗ್ಗೆ ಇರುವ ಮೋಹ ನನಗೆ ಅರ್ಥವಾಗುವುದಿಲ್ಲ. ಅದರ 'ಜಿ' ಎಂದರೆ ಬೆಳಕು ಅಳೆಯುವ ಮೀಟರಿನ ವಿದ್ಯುತ್ ಸಂಪರ್ಕಗಳಿಗೆ ಹಾಕಿದ ಚಿನ್ನದ ಲೇಪ. ಆ ಮೀಟರಿಗೆ ಬೇಕಾದ ಪಾದರಸದ ಬ್ಯಾಟರಿಯನ್ನು ಈಗ ಯಾರೂ ಮಾಡುವುದಿಲ್ಲ. ಲೆನ್ಸೋ, 'ಜಿ' ಇಲ್ಲದ ಹಿಂದಿನ ಮಾದರಿ 124ರಲ್ಲಿ ಇದ್ದದ್ದೇ. ಆಟೊಕಾರ್ಡ್ ಲೆನ್ಸ್ ಇವೆಲ್ಲಕ್ಕೂ ಸಮ, ಕೆಲವು ಸಲ ಮೇಲು ಅನ್ನಿಸುತ್ತದೆ. ಆದರೆ ಗ್ರೀಸ್ ಒಣಗಿ ಬಿಗಿಯಾದ ಅದರ ಫೋಕಸ್ ಲಿವರನ್ನು ಒತ್ತಾಯದಿಂದ ಸರಿಸಲು ಹೋಗಬೇಡಿ, ಮುರಿದು ಕೈಗೆ ಬರುತ್ತದೆ. ಬಿಗಿಯಿದ್ದರೆ ಹಾಗೇ ರಿಪೇರಿಗೆ ಒಯ್ಯಿರಿ.